ಮೊದಲು ಕ್ರ್ಯಾಂಕ್, ಆಮೇಲೆ ಫ್ರೇಮ್

ಅಳತೆ ಕೊಟ್ಟು ಸೈಕಲ್ ಕಟ್ಟಿಸಿಕೊಳ್ಳುವವರು ಕೊಳವೆ, ಬಣ್ಣ, ಚಕ್ರಗಳ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಪೆಡಲಿನ ತೋಳುಗಳು (ಕ್ರ್ಯಾಂಕ್) ಮತ್ತು ಅವುಗಳ ಬುಡದ ಹಲ್ಲುಚಕ್ರಗಳು (ಚೈನ್‌ರಿಂಗ್) ಸೇರಿದ ಕ್ರ್ಯಾಂಕ್‌ಸೆಟ್ಟಿನ ಸರದಿ ಬರುವುದು ಎಲ್ಲ ಮುಗಿದ ಮೇಲೆ. ಇದು ತಲೆಕೆಳಗಾದ ಕ್ರಮ. ಕ್ರ್ಯಾಂಕಿನ ಆ್ಯಕ್ಸಲ್ ತಿರುಗುವ ಬಾಟಮ್ ಬ್ರ್ಯಾಕೆಟ್ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು, ಅಲ್ಲಿಂದ ಹಿಂಚಕ್ರದವರೆಗೆ ಹೋಗುವ ಚೈನ್‌ಸ್ಟೇ ಕೊಳವೆಯನ್ನು ಎಲ್ಲಿ ಅದುಮಿ ತಗ್ಗು ಮಾಡಬೇಕು, ಚೈನನ್ನು ಒಂದು ರಿಂಗಿನಿಂದ ಇನ್ನೊಂದಕ್ಕೆ ದಾಟಿಸುವ ಮುಂದಿನ ಡಿರೇಲರ್‌ನ ಹಿಡಿಕೆಯನ್ನು ಯಾವ ಎತ್ತರದಲ್ಲಿ ಬೆಸೆಯಬೇಕು ಎಂಬುದೆಲ್ಲ ಕ್ರ್ಯಾಂಕಿನ ಉದ್ದ ಮತ್ತು ಚೈನ್‌ರಿಂಗಿನ ಹಲ್ಲುಗಳ ಮೇಲೆ ನಿಂತಿದೆ. ಚೈನಿನ ಒಂದು ಕೊಂಡಿ 12.7 ಮಿ.ಮೀ. ಇರುವುದರಿಂದ ರಿಂಗಿಗೆ ಒಂದು ಹಲ್ಲು ಹೆಚ್ಚಾದರೆ ಅದರ ತ್ರಿಜ್ಯ ಸುಮಾರು 2 ಮಿ.ಮೀ. ಬೆಳೆಯುತ್ತದೆ. 46 ಹಲ್ಲಿಗೆಂದು ಬೆಸೆದ ಫ್ರೇಮಿಗೆ 50 ಹಲ್ಲಿನದನ್ನು ತಂದರೆ 8 ಮಿ.ಮೀ. ಜಾಗ ಹುಡುಕಬೇಕು. ಅಗಲ ಟೈರಿಗಾಗಿ ಚೈನ್‌ಸ್ಟೇಗಳನ್ನು ಆಚೀಚೆ ಸರಿಸಿದ್ದರೆ ಆ ಜಾಗ ಇರುವುದಿಲ್ಲ.

ಹಲ್ಲಿನ ಲೆಕ್ಕವನ್ನು ಎಲ್ಲಕ್ಕಿಂತ ಹಗುರವಾದ ಗೇರಿನಿಂದ ಶುರು ಮಾಡಿ. ಸವಾರ, ಸೈಕಲ್, ಸಾಮಾನು ಎಲ್ಲ ಸೇರಿ 100 ಕಿಲೋ ಎನ್ನೋಣ. ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 6 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 170 ವಾಟ್ ಬೇಕು. ಮಾಮೂಲಿ ಸವಾರನೊಬ್ಬ ಏರು ಮುಗಿಯುವವರೆಗೂ ಇಷ್ಟು ಶಕ್ತಿ ಕೊಡುವುದೇ ದೊಡ್ಡದು. 700×28 ಟೈರಿನ ಸುತ್ತಳತೆ ಸುಮಾರು 2.14 ಮೀಟರ್. ಮುಂದೆ 34, ಹಿಂದೆ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಅಷ್ಟೇ ದೂರ ಹೋಗುತ್ತದೆ. ಅಂದರೆ ಆ ಏರಿನಲ್ಲಿ ಕಾಲು ನಿಮಿಷಕ್ಕೆ 47 ಸುತ್ತು ಮಾತ್ರ ತಿರುಗುತ್ತದೆ, ಮಂಡಿ ದೂರು ಹೇಳುತ್ತದೆ. ಮುಂದಿನ ರಿಂಗ್ 30 ಆದರೆ 53 ಸುತ್ತು, 26 ಆದರೆ 61. ಸಾಮಾನು ಹೇರಿಕೊಂಡು ಬೆಟ್ಟ ಹತ್ತುವವರಿಗೆ 26 ಅಥವಾ 28 ಹಲ್ಲು ಐಷಾರಾಮವಲ್ಲ.

ದೊಡ್ಡ ರಿಂಗಿನ ವಿಷಯದಲ್ಲಿ ಜನ ಸುಮ್ಮನೆ ಆಸೆಪಡುತ್ತಾರೆ. 50 ಹಲ್ಲಿನ ಜೊತೆ ಹಿಂದೆ 11 ಇದ್ದರೆ ನಿಮಿಷಕ್ಕೆ 90 ಸುತ್ತಿನಲ್ಲಿ ವೇಗ ಗಂಟೆಗೆ 52 ಕಿ.ಮೀ., 46 ಹಲ್ಲಿನಲ್ಲಿ 48. ರೇಸಿಗೆ ಇಳಿಯದವರು ಸಮತಟ್ಟಿನಲ್ಲಿ ಎರಡನ್ನೂ ಮುಟ್ಟುವುದಿಲ್ಲ. ಇಳಿಜಾರಿನಲ್ಲಿ ಅಷ್ಟು ವೇಗ ಬಂದಾಗ ತುಳಿಯುವುದಕ್ಕಿಂತ ಮೈ ಬಗ್ಗಿಸಿ ಕೂರುವುದೇ ಮೇಲು.

ಸಣ್ಣ ರಿಂಗ್ ಬೇಕೆಂದರೆ ಅದು ಕ್ರ್ಯಾಂಕಿಗೆ ಕೂರಬೇಕಲ್ಲ? ಅದನ್ನು ತೀರ್ಮಾನಿಸುವುದು ಬೋಲ್ಟುಗಳು ಕೂರುವ ವೃತ್ತದ ವ್ಯಾಸ, ಅಂದರೆ ಬಿಸಿಡಿ. 130 ಮಿ.ಮೀ. ಬಿಸಿಡಿಗೆ 38 ಹಲ್ಲೇ ಕನಿಷ್ಠ, 110ಕ್ಕೆ ಸಾಮಾನ್ಯವಾಗಿ 34, 94ಕ್ಕೆ 29, 74ಕ್ಕೆ 24. ಹಳೆಯ ಐದು ಬೋಲ್ಟಿನ ಕ್ರ್ಯಾಂಕ್ ಕೈಗೆ ಸಿಕ್ಕರೆ ಅಕ್ಕಪಕ್ಕದ ಎರಡು ಬೋಲ್ಟುಗಳ ನಡುವಿನ ಅಂತರ ಅಳೆದು 1.7ರಿಂದ ಗುಣಿಸಿ. ಅಂತರ 64.7 ಮಿ.ಮೀ. ಇದ್ದರೆ ಬಿಸಿಡಿ 110. ಆದರೆ ಈಚಿನ ಅನೇಕ ನಾಲ್ಕು ಬೋಲ್ಟಿನ ಕ್ರ್ಯಾಂಕುಗಳಲ್ಲಿ ಬೋಲ್ಟುಗಳು ಸಮ ಅಂತರದಲ್ಲಿಲ್ಲ. ಸಂಖ್ಯೆ 110 ಎಂದೇ ಇದ್ದರೂ ಐದು ಬೋಲ್ಟಿನ ರಿಂಗ್ ಅದಕ್ಕೆ ಕೂರುವುದಿಲ್ಲ. ಬೋಲ್ಟಿನ ವೃತ್ತವೇ ಇಲ್ಲದೆ ಕ್ರ್ಯಾಂಕಿನ ಬುಡಕ್ಕೆ ನೇರವಾಗಿ ಕೂರುವ ರಿಂಗುಗಳಲ್ಲಿ ಈ ಮಿತಿ ಇಲ್ಲ, ಆದರೆ ಆಯಾ ವಿನ್ಯಾಸಕ್ಕೆ ಹೊಂದುವ ರಿಂಗುಗಳಿಗೇ ಜೋತುಬೀಳಬೇಕು.

ಸಣ್ಣ ರಿಂಗಿಗೂ ಒಂದು ಸುಂಕ ಉಂಟು. ಪೆಡಲಿನ ಮೇಲೆ 600 ನ್ಯೂಟನ್ ಬಲ ಬಿದ್ದಾಗ 170 ಮಿ.ಮೀ. ಕ್ರ್ಯಾಂಕಿನಲ್ಲಿ 50 ಹಲ್ಲಿನ ರಿಂಗಿಗೆ ಚೈನಿನ ಎಳೆತ ಸುಮಾರು 1,000 ನ್ಯೂಟನ್. 34 ಹಲ್ಲಿನ ರಿಂಗಿಗೆ ಈ ಎಳೆತ 1,480 ಆಗುತ್ತದೆ. ಹಾಗಾಗಿ 32/16 ಮತ್ತು 48/24 (ಮುಂದಿನ ಹಲ್ಲು/ಹಿಂದಿನ ಹಲ್ಲು) ಒಂದೇ ಗೇರಾದರೂ ಮೊದಲನೆಯದರಲ್ಲಿ ಚೈನೂ ಹಲ್ಲೂ ಬೇಗ ಸವೆಯುತ್ತವೆ. ಏರಿಗೆಂದು ಇಟ್ಟುಕೊಂಡ ಸಣ್ಣ ರಿಂಗಿನಲ್ಲೇ ಸದಾ ಓಡಿಸುವವರಿಗೆ ಇದು ಲೆಕ್ಕಕ್ಕೆ ಬರುತ್ತದೆ.

ಕ್ರ್ಯಾಂಕಿನ ಉದ್ದದ ಬಗ್ಗೆ ನಂಬಿಕೆಗಳು ಹೆಚ್ಚು, ಆಧಾರ ಕಡಿಮೆ. ಮಾರ್ಟಿನ್ ಮತ್ತು ಸ್ಪಿರ್ಡುಸೊ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 120ರಿಂದ 220 ಮಿ.ಮೀ.ವರೆಗಿನ ಕ್ರ್ಯಾಂಕುಗಳಲ್ಲಿ ಸವಾರರ ಗರಿಷ್ಠ ಶಕ್ತಿಯನ್ನು ಅಳೆದರು. ಅತಿ ಹೆಚ್ಚಿಗೂ ಅತಿ ಕಡಿಮೆಗೂ ಇದ್ದ ಅಂತರ ಶೇ. 4ರಷ್ಟು ಮಾತ್ರ. 170 ಮತ್ತು 172.5ರ ನಡುವೆ ಶಕ್ತಿಗಾಗಿ ಜಗಳವಾಡುವುದು ವ್ಯರ್ಥ. ಉದ್ದ ಆರಿಸಬೇಕಾದದ್ದು ಮಂಡಿ, ಸೊಂಟ ಮತ್ತು ಜಾಗದ ದೃಷ್ಟಿಯಿಂದ. ಪೆಡಲ್ ಮೇಲೆ ಬಂದಾಗ ತೊಡೆ ಹೊಟ್ಟೆಗೆ ಒತ್ತುತ್ತಿದ್ದರೆ, ಸಣ್ಣ ಫ್ರೇಮಿನಲ್ಲಿ ಹ್ಯಾಂಡಲ್ ತಿರುಗಿಸಿದಾಗ ಕಾಲ್ಬೆರಳು ಮುಂಚಕ್ರಕ್ಕೆ ತಗಲುತ್ತಿದ್ದರೆ, 165 ಅಥವಾ ಇನ್ನೂ ಗಿಡ್ಡದ್ದನ್ನು ಹಾಕಿ. 5 ಮಿ.ಮೀ. ಕಡಿಮೆ ಮಾಡಿದರೆ ಸೀಟನ್ನು 5 ಮಿ.ಮೀ. ಏರಿಸಬೇಕು, ಗೇರನ್ನೂ ತುಸು ಹಗುರ ಮಾಡಿಕೊಳ್ಳಬೇಕು. ಫಿಕ್ಸೆಡ್ ಸೈಕಲ್ಲಿನಲ್ಲಿ ತಿರುವಿನಲ್ಲೂ ಪೆಡಲ್ ನಿಲ್ಲದ ಕಾರಣ ಅದು ನೆಲಕ್ಕೆ ಬಡಿಯದಂತೆ ಗಿಡ್ಡ ಕ್ರ್ಯಾಂಕೇ ಕ್ಷೇಮ.

ಉಳಿದದ್ದು ಅಡ್ಡ ಅಳತೆ. ಸೀಟ್ ಟ್ಯೂಬಿನ ನಡುಗೆರೆಯಿಂದ ಎರಡು ರಿಂಗುಗಳ ನಡುವಿನವರೆಗಿನ ದೂರವೇ ಚೈನ್‌ಲೈನ್. 130 ಮಿ.ಮೀ. ಹಿಂಬದಿ ಹಬ್ಬಿನ ರೋಡ್ ಸೈಕಲ್ಲಿಗೆ 43.5, ಮೌಂಟನ್ ಸೈಕಲ್ಲಿನ ‘ಬೂಸ್ಟ್’ ಎಂಬ 148 ಮಿ.ಮೀ. ಅಗಲದ ಹಬ್ಬಿಗೆ 52 ಎಂಬುದು ವಾಡಿಕೆ. ಚೌಕ ಮೊನೆಯ ಆ್ಯಕ್ಸಲ್ಲಿನಲ್ಲಿ ಇದು ತಪ್ಪುವುದು ಬಹಳ ಸಲ ಜೆಐಎಸ್ (ಜಪಾನಿನ ಮಾನಕ), ಐಎಸ್‌ಒ (ಅಂತರರಾಷ್ಟ್ರೀಯ ಮಾನಕ) ಎಂಬ ಎರಡು ಅಳತೆಗಳ ಬೆರಕೆಯಿಂದ. ಎರಡರ ಇಳಿಜಾರು ಒಂದೇ, ಆದರೆ ಐಎಸ್‌ಒ ಮೊನೆ ಸಪೂರ. ಐಎಸ್‌ಒ ಕ್ರ್ಯಾಂಕನ್ನು ಜೆಐಎಸ್ ಆ್ಯಕ್ಸಲ್ಲಿಗೆ ಹಾಕಿದರೆ ಪೂರ್ತಿ ಒಳಗೆ ಹೋಗದೆ 4–5 ಮಿ.ಮೀ. ಹೊರಗೇ ನಿಲ್ಲುತ್ತದೆ. ಅದಲುಬದಲಾದರೆ ಇನ್ನೂ ಕೆಟ್ಟದ್ದು: ಕ್ರ್ಯಾಂಕ್ ಬಿಗಿಯಾಗುವ ಮುನ್ನವೇ ಬೋಲ್ಟು ಆ್ಯಕ್ಸಲ್ಲಿನ ತುದಿಗೆ ತಾಗಿ ನಿಂತುಬಿಡಬಹುದು.

ಜೋಡಿಸುವಾಗ ದೊಡ್ಡ ರಿಂಗಿನ ಹೊರಮೈಯಲ್ಲಿರುವ ಪುಟ್ಟ ಗೂಟ ಕ್ರ್ಯಾಂಕಿನ ತೋಳಿನ ಹಿಂದೆ ಬರಬೇಕು. ಹೊರಗೆ ಜಾರಿದ ಚೈನ್ ಸಂದಿಗೆ ಸಿಕ್ಕಿಕೊಳ್ಳದಂತೆ ಅದು ತಡೆಯುತ್ತದೆ. ಡಿರೇಲರ್‌ನ ಹೊರ ಹಾಳೆ ದೊಡ್ಡ ಹಲ್ಲಿನ ಮೇಲೆ 1–3 ಮಿ.ಮೀ. ಬಿಟ್ಟು ನಿಲ್ಲಲಿ. ಚೌಕ ಮೊನೆಯ ಬೋಲ್ಟಿಗೆ 35–40 ನ್ಯೂಟನ್ ಮೀಟರ್ ಬಿಗಿತ ಬೇಕು. ಶಿಮಾನೊದ 24 ಮಿ.ಮೀ. ಆ್ಯಕ್ಸಲ್ಲಿನಲ್ಲಿ ಎಡಗಡೆಯ ಪ್ಲಾಸ್ಟಿಕ್ ಮುಚ್ಚಳಕ್ಕೆ 0.7–1.5 ಸಾಕು, ಆಮೇಲೆ ಎರಡು ಬೋಲ್ಟುಗಳನ್ನು ಸರದಿಯ ಮೇಲೆ ತಿರುಗಿಸುತ್ತಾ 12–14ಕ್ಕೆ ತನ್ನಿ. ಮುಚ್ಚಳವನ್ನೇ ಬಲವಾಗಿ ತಿರುಚಿದರೆ ಬೇರಿಂಗ್ ಬೇಗ ಹಾಳಾಗುತ್ತದೆ. ಚೌಕ ಮೊನೆಯ ಅಲ್ಯೂಮಿನಿಯಂ ಕ್ರ್ಯಾಂಕ್ ಸಡಿಲವಿದ್ದಾಗಲೇ ಓಡಿಸಿದರೆ ಅದರ ಚೌಕ ತೂತು ಹಿಗ್ಗಿ ಹೋಗುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಕ್ರ್ಯಾಂಕನ್ನೇ ಬದಲಿಸಬೇಕು.