ಪ್ರಾತಿನಿಧ್ಯ: ವಸ್ತ್ರದ ಬದಲಿಗೆ ಅಕ್ಷತೆ

ಮಾರ್ಚ್ ಬಂತೆಂದರೆ ಪುಣೆಯ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮಹಿಳಾ ದಿನದ ಆಹ್ವಾನಗಳು ಓಡಾಡತೊಡಗುತ್ತವೆ. ಈ ಸಲ ನನಗೆ ಮೂರು ಬಂದವು. ಮೂರರ ವಿಷಯವೂ ಒಂದೇ: ಐಟಿ ಕ್ಷೇತ್ರದಲ್ಲಿ ಮಹಿಳಾ ಪ್ರಾತಿನಿಧ್ಯ. ಒಂದಕ್ಕೆ ಹೋದೆ. ಪುಣೆಯ ಐಟಿ ಕಂಪನಿಗಳ ತಾಣ ಹಿಂಜೆವಾಡಿಯ ಮ್ಯಾನೇಜರ್ ಒಬ್ಬರು ತಮ್ಮ ಆಫೀಸಿನಲ್ಲಿ ನೂರಕ್ಕೆ ಎಷ್ಟು ಹೆಂಗಸರಿದ್ದಾರೆಂದು ಲೆಕ್ಕ ಕೊಟ್ಟು, ‘ಇದು ನಮ್ಮ ಪ್ರಾತಿನಿಧ್ಯ’ ಎಂದು ಚಪ್ಪಾಳೆ ಗಿಟ್ಟಿಸಿದರು. ಅವರು ಓದಿದ್ದು ಹಾಜರಿ ಪುಸ್ತಕ.

ಪದವನ್ನು ಬಿಡಿಸಿ ನೋಡಿ. ‘ಧಾ’ ಎಂದರೆ ಇಡು. ‘ನಿ’ ಸೇರಿದರೆ ಭದ್ರವಾಗಿ ಇಡು. ಹಾಗೆ ಇಟ್ಟದ್ದೇ ನಿಧಿ. ಅದರ ಹಿಂದೆ ‘ಪ್ರತಿ’ ಬಂದರೆ, ಒಂದರ ಜಾಗದಲ್ಲಿ ಇಟ್ಟ ಇನ್ನೊಂದು. ಪ್ರತಿನಿಧಿ ಮೊದಲಿಗೆ ಮನುಷ್ಯನೇ ಅಲ್ಲ, ವಸ್ತು. ಯಜ್ಞಕ್ಕೆ ಭತ್ತ ಸಿಗದಿದ್ದರೆ ನೀವಾರವೆಂಬ ಕಾಡುಭತ್ತ, ಸೋಮವೆಂಬ ಗಿಡ ಸಿಗದಿದ್ದರೆ ಪೂತೀಕವೆಂಬ ಇನ್ನೊಂದು. ಯಜ್ಞವಿಧಿಗಳ ಅರ್ಥ ಬಿಡಿಸುವ ಮೀಮಾಂಸಕರು ಇದನ್ನು ಎಳೆ ಎಳೆಯಾಗಿ ಚರ್ಚಿಸಿದ್ದಾರೆ. ಅಷ್ಟು ದೂರ ಹೋಗುವುದೇ ಬೇಡ, ನಮ್ಮ ಮನೆಯ ಪೂಜೆಯನ್ನೇ ನೆನೆಯಿರಿ. ದೇವರಿಗೆ ಉಡಿಸಲು ಹೊಸ ಬಟ್ಟೆ ಇಲ್ಲ. ಭಟ್ಟರು ‘ವಸ್ತ್ರಾರ್ಥೇ ಅಕ್ಷತಾನ್ ಸಮರ್ಪಯಾಮಿ’ ಎಂದು ನಾಲ್ಕು ಕಾಳು ಹಾಕಿಸಿ ಮುಂದೆ ಹೋಗುತ್ತಾರೆ. ಆ ನಾಲ್ಕು ಕಾಳು ವಸ್ತ್ರದ ಪ್ರತಿನಿಧಿ. ಡಬ್ಬಿಯಲ್ಲಿ ಐದು ಸೇರು ಅಕ್ಕಿ ಇದ್ದ ಮಾತ್ರಕ್ಕೆ ವಸ್ತ್ರದ ಪ್ರಾತಿನಿಧ್ಯ ಹೆಚ್ಚಾಯಿತು ಎಂದು ಯಾವ ಭಟ್ಟರೂ ಹೇಳಲಾರರು.

ಮೀಮಾಂಸೆಯ ಮೂಲಗ್ರಂಥವಾದ ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಇನ್ನೂ ಒಂದು ಮಾತಿದೆ. ದ್ರವ್ಯಕ್ಕೆ ಪ್ರತಿನಿಧಿ ಉಂಟು. ದೇವತೆಗೆ, ಅಗ್ನಿಗೆ, ಮಂತ್ರಕ್ಕೆ ಇಲ್ಲ. ಯಜ್ಞ ಮಾಡಿಸಿ ಅದರ ಫಲ ಪಡೆಯುವ ಯಜಮಾನನಿಗೂ ಇಲ್ಲ. ಈ ಕೊನೆಯದನ್ನು ನೆನಪಿಡಿ, ಬೇಕಾಗುತ್ತದೆ.

ಮನುಷ್ಯರಿಗೆ ಈ ಹೆಸರು ಹೇಗೆ ಅಂಟುತ್ತದೆ ಎಂಬುದಕ್ಕೆ ಮರಾಠಿ ನಾಡಿನಲ್ಲೇ ಸೊಗಸಾದ ಉದಾಹರಣೆಯಿದೆ. ಶಿವಾಜಿಯ ಮಗ ರಾಜಾರಾಮ ಛತ್ರಪತಿ ತಮಿಳುನಾಡಿನ ಜಿಂಜಿ ಕೋಟೆಯಲ್ಲಿದ್ದಾಗ ಅಷ್ಟಪ್ರಧಾನರೆಂಬ ಎಂಟು ಮಂತ್ರಿಗಳಿಗಿಂತ ಮೇಲೆ ‘ಪ್ರತಿನಿಧಿ’ ಎಂಬ ಹುದ್ದೆ ಹುಟ್ಟಿತು. ರಾಜನ ಬದಲಿಗೆ ನಿಂತು ರಾಜನ ಅಧಿಕಾರವನ್ನೇ ಚಲಾಯಿಸುವವನು. ಆ ಹುದ್ದೆಯೇ ಮುಂದೆ ಔಂಧ್ ಸಂಸ್ಥಾನದ ಪಂತಪ್ರತಿನಿಧಿಗಳ ಮನೆತನದ ಹೆಸರಾಯಿತು. (ಸಾತಾರಾ ಜಿಲ್ಲೆಯ ಔಂಧ್. ಹಿಂಜೆವಾಡಿಗೆ ಹೋಗುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುವ ಔಂಧ್ ಅಲ್ಲ.) ಅಂದರೆ ಪ್ರತಿನಿಧಿಯಾಗಲು ಎರಡು ಬೇಕು: ಯಾರ ಬದಲಿಗೆ ಎಂಬುದು ಸ್ಪಷ್ಟವಿರಬೇಕು, ಕೈಯಲ್ಲಿ ಅಧಿಕಾರವಿರಬೇಕು. ಟೆಸ್ಟಿಂಗ್ ಟೀಮಿನಲ್ಲಿ ಕೂತ ಇಪ್ಪತ್ತಮೂರರ ಹುಡುಗಿಗೆ ಎರಡೂ ಇಲ್ಲ. ಅವಳು ತನ್ನ ಕೆಲಸ ಮಾಡುತ್ತಿದ್ದಾಳೆ, ಅಷ್ಟೇ.

ಗೊಂದಲದ ಮೂಲ ಇಂಗ್ಲಿಷಿನ ‘ರೆಪ್ರೆಸೆಂಟೇಷನ್’. ಅಲ್ಲಿ ಅದು ಪರರ ಪರವಾಗಿ ನಿಲ್ಲುವುದೂ ಹೌದು, ಗುಂಪಿನೊಳಗಿನ ಪಾಲೂ ಹೌದು. ನಾವು ಎರಡಕ್ಕೂ ಒಂದೇ ಪದ ಅಂಟಿಸಿ ಕೈತೊಳೆದುಕೊಂಡೆವು. ಐಐಟಿಗಳು 2018ರಿಂದ ಹುಡುಗಿಯರಿಗೆ ಹೆಚ್ಚುವರಿ ಸೀಟು ಮಾಡಿ, 2020ರ ಹೊತ್ತಿಗೆ 20% ಮುಟ್ಟುವ ಗುರಿ ಇಟ್ಟುಕೊಂಡವಲ್ಲ, ಅದು ಪಾಲು. ಪಾಲು, ಪ್ರಮಾಣ ಎಂಬ ಒಳ್ಳೆಯ ಪದಗಳಿರುವಾಗ ಈ ಭಾರದ ಸಂಸ್ಕೃತ ಯಾಕೆ? ಯಾಕೆಂದರೆ ‘ಪಾಲು’ ಎಂದ ಕೂಡಲೇ ಕೇಳುವವರು ‘ಯಾವ ಮಟ್ಟದಲ್ಲಿ?’ ಎಂದು ಕೇಳಿಬಿಡುತ್ತಾರೆ. ಹೊಸಬರಲ್ಲಿ ಎಷ್ಟು, ಹತ್ತು ವರ್ಷ ಕಳೆದವರಲ್ಲಿ ಎಷ್ಟು, ಬಡ್ತಿ ಕೊಡುವ ಮೀಟಿಂಗಿನಲ್ಲಿ ಎಷ್ಟು? ‘ಪ್ರಾತಿನಿಧ್ಯ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ.

ನಿಜವಾದ ಪ್ರಾತಿನಿಧ್ಯ ಎಲ್ಲಿದೆ? ಪುಣೆ ಮಹಾನಗರಪಾಲಿಕೆಯಲ್ಲಿ ಅರ್ಧ ಸೀಟು ಮಹಿಳೆಯರಿಗೆ ಮೀಸಲು. ಅಲ್ಲಿ ಗೆದ್ದ ನಗರಸೇವಿಕೆ, ಅಂದರೆ ಕಾರ್ಪೊರೇಟರ್, ಪ್ರತಿನಿಧಿಯೇ, ಆದರೆ ಮಹಿಳೆಯರದ್ದಲ್ಲ, ವಾರ್ಡಿನದ್ದು. ಗಂಡಸರ ನಲ್ಲಿಗೂ ಅವರೇ ನೀರು ತರಿಸಬೇಕು. ಕಂಪನಿಗಳಲ್ಲಿ 2013ರ ಕಾಯ್ದೆಯಂತೆ ರಚಿಸುವ ಲೈಂಗಿಕ ಕಿರುಕುಳದ ದೂರು ಸಮಿತಿಯಲ್ಲಿ ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ಕನಿಷ್ಠ ಅರ್ಧ ಸದಸ್ಯರೂ ಮಹಿಳೆಯರಿರಬೇಕು. ಒಳ್ಳೆಯದೇ. ಆದರೆ ಅವರನ್ನು ನೇಮಿಸುವುದು ಮಾಲೀಕರು, ಆಫೀಸಿನ ಹೆಂಗಸರಲ್ಲ. ಇನ್ನು ವೇದಿಕೆಯ ಮೇಲೆ ಐವರು ಗಂಡಸರ ನಡುವೆ ‘ಮಹಿಳಾ ಪ್ರತಿನಿಧಿ’ ಎಂಬ ಚೀಟಿಯ ಹಿಂದೆ ಕೂತವರು ಯಾರು? ಕ್ಲೌಡ್ ತಂತ್ರಜ್ಞಾನದ ಬಗ್ಗೆ ಮಾತಾಡಲು ಬಂದವರಿಗೆ ‘ಮನೆ, ಆಫೀಸು ಹೇಗೆ ಸಂಭಾಳಿಸುತ್ತೀರಿ’ ಎಂಬ ಪ್ರಶ್ನೆ. ಇದು ಅಕ್ಷತೆ. ಮರಾಠಿಯವರು ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕರು: ನೂರು ಫಲಾನುಭವಿಗಳಲ್ಲಿ ನಾಲ್ವರನ್ನು ವೇದಿಕೆಗೆ ಕರೆದು ಚೆಕ್ ಕೊಟ್ಟರೆ ‘ಪ್ರಾತಿನಿಧಿಕ ಸ್ವರೂಪಾತ್’ ಎಂದು ಬಾಯಿಬಿಟ್ಟು ಹೇಳುತ್ತಾರೆ. ಸಾಂಕೇತಿಕವಾಗಿ, ಎಂದು.

ಸುಧಾ ಮೂರ್ತಿಯವರ ಪೋಸ್ಟ್‌ಕಾರ್ಡಿನ ಕಥೆ ಇಲ್ಲಿನ ಪ್ರತಿ ಸಭೆಯಲ್ಲೂ ಬರುತ್ತದೆ. ಬರಲಿ, ನಮ್ಮ ಶಿಗ್ಗಾವಿ–ಹುಬ್ಬಳ್ಳಿಯವರು. 1974ರಲ್ಲಿ ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂಬ ಟೆಲ್ಕೋ (ಇಂದಿನ ಟಾಟಾ ಮೋಟಾರ್ಸ್) ಜಾಹೀರಾತು ಕಂಡು ಜೆ.ಆರ್.ಡಿ. ಟಾಟಾರಿಗೇ ಬರೆದರು, ಪುಣೆಯಲ್ಲಿ ಸಂದರ್ಶನವಾಯಿತು, ಕೆಲಸ ಸಿಕ್ಕಿತು. ಸಭೆಗಳಲ್ಲಿ ಅವರನ್ನು ‘ಮಹಿಳೆಯರ ಮೊದಲ ಪ್ರತಿನಿಧಿ’ ಎನ್ನುತ್ತಾರೆ. ಇಂಟರ್‌ವ್ಯೂಗೆ ಯಾರೂ ಯಾರ ಪ್ರತಿನಿಧಿಯಾಗಿಯೂ ಹೋಗುವುದಿಲ್ಲ. ಜೈಮಿನಿಯ ಲೆಕ್ಕದಲ್ಲಿ ಅಲ್ಲಿ ಅವರು ಯಜಮಾನರು.

ಐಟಿಯಲ್ಲಿ ಹೆಂಗಸರು ಕಡಿಮೆ ಇರುವುದಕ್ಕೆ ‘ಹುಡುಗಿಯರ ಆಯ್ಕೆಯೇ ಹಾಗೆ’ ಎನ್ನುವವರಿಗೆ ಒಂದೇ ಮಾತು. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ ಹೆಂಗಸರ ಪಾಲು 1980ರ ದಶಕದ ನಡುವೆ ಸುಮಾರು 37% ಇತ್ತು, ಆಮೇಲೆ ಅರ್ಧಕ್ಕಿಳಿಯಿತು. ಆದರೆ ನಮ್ಮ ಧಾರವಾಡ ಕಡೆಯ ಅಪ್ಪಂದಿರು ‘ಮೆಕ್ಯಾನಿಕಲ್ ಬ್ಯಾಡವಾ, ಕಂಪ್ಯೂಟರ್ ತಗೋ, ಎಸಿ ಒಳಗ ಕುಂತು ಮಾಡೂ ಕೆಲಸ’ ಎಂದು ಮಗಳನ್ನು ಅದಕ್ಕೇ ಕಳಿಸಿದರು. ಅದೇ ಕಂಪ್ಯೂಟರು, ಅದೇ ಹುಡುಗಿಯರು.

ಇನ್ನು ‘ಪ್ರಾತಿನಿಧ್ಯತೆ’. ಮೂರನೆಯ ಆಹ್ವಾನದಲ್ಲಿ ಇದೇ ಇತ್ತು, ದಪ್ಪಕ್ಷರದಲ್ಲಿ. ಪ್ರತಿನಿಧಿಯ ಭಾವ ಪ್ರಾತಿನಿಧ್ಯ. ‘ಪ್ರ’ ದೀರ್ಘವಾಗಿ, ಕೊನೆಗೆ ‘ಯ’ ಬಂದಾಗಲೇ ಆ ಕೆಲಸ ಮುಗಿದಿದೆ. ಅದರ ಮೇಲೆ ‘ತೆ’ ಹಚ್ಚುವುದು ಧೈರ್ಯತೆ, ಸೌಂದರ್ಯತೆ ಎಂದಂತೆ. ಕಳಿಸಿದವರಿಗೆ ತಿಳಿಸಿದೆ. ಬ್ಯಾನರ್ ಆಗಲೇ ಪ್ರಿಂಟ್ ಆಗಿದೆಯಂತೆ.