ಎಷ್ಟು ತಿಂದೆ ಅಲ್ಲ, ಯಾವ ಹೊತ್ತಿಗೆ ತಿಂದೆ: ಪಾಳಿ ಕೆಲಸ ಮತ್ತು ತೂಕದ ಟಿಪ್ಪಣಿ

ನಮ್ಮ ಸೋದರಮಾವ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಾರೆ. ಬೆಳಿಗ್ಗೆ ಅತ್ತೆ ಊಟದ ಡಬ್ಬಿ ತೆರೆದರೆ ಜೋಳದ ರೊಟ್ಟಿ, ಪಲ್ಯ ಹಾಗೇ ಇರುತ್ತಿದ್ದವು. ರಾತ್ರಿ ಎರಡಕ್ಕೆ ರೊಟ್ಟಿ ಒಣಗಿ ಗಟ್ಟಿಯಾಗಿರುತ್ತದೆ, ಕೈ ತೊಳೆಯಲು ದೂರ ಹೋಗಬೇಕು. ಗೇಟಿನ ಹೊರಗೆ ಚಹಾದ ಗಾಡಿ, ಗಿರ್ಮಿಟ್ಟು, ಬಿಸಿ ಮಿರ್ಚಿ ಭಜಿ. ಪೇಪರಿನಲ್ಲಿ ಹಿಡಿದು ತಿಂದರೆ ಮುಗೀತು. ಮೂರು ವರ್ಷದಲ್ಲಿ ಹೊಟ್ಟೆ ಬಂತು, ರಕ್ತದ ಸಕ್ಕರೆಯೂ ಏರಿತು. "ಬಾಯಿ ಕಟ್ರಿ" ಅಂತ ಎಲ್ಲರೂ ಅವರಿಗೇ ಹೇಳಿದರು. ಪಾಳಿ ಕೆಲಸ ಮತ್ತು ತೂಕದ ಬಗ್ಗೆ ನಮ್ಮ ಪಾಠ ಓದಿದ ಮೇಲೆ ಆ ಮಾತು ಅರ್ಧ ಸತ್ಯ ಅನ್ನಿಸಿತು.

ನಮ್ಮ ಮಿದುಳಿನಲ್ಲಿ ಒಂದು ಗಡಿಯಾರವಿದೆ. ಬೆಳಕು ನೋಡಿ ಅದು ಸಮಯ ಹೊಂದಿಸಿಕೊಳ್ಳುತ್ತದೆ. ಲಿವರ್, ಮೇದೋಜೀರಕ ಗ್ರಂಥಿ ಇವಕ್ಕೂ ತಮ್ಮದೇ ಗಡಿಯಾರಗಳಿವೆ. ಜೀವಕೋಶದೊಳಗೆ ಇವು ನಡೆಯುವ ಬಗೆ ಕಂಡುಹಿಡಿದ ಹಾಲ್, ರಾಸ್‌ಬ್ಯಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ರಾತ್ರಿ ದೇಹ ಮಲಗುವ ತಯಾರಿಯಲ್ಲಿರುತ್ತದೆ. ಆಗ ತಿಂದರೆ ಸಕ್ಕರೆ ರಕ್ತದಲ್ಲೇ ಜಾಸ್ತಿ ಹೊತ್ತು ಉಳಿಯುತ್ತದೆ.

ಇದನ್ನು ತೋರಿಸಿದ ಪ್ರಯೋಗವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. 2009ರಲ್ಲಿ ಬಾಸ್ಟನ್ನಿನ ಸಂಶೋಧಕರು 10 ಜನರನ್ನು ಲ್ಯಾಬಿನಲ್ಲಿ ಇಟ್ಟು, 28 ಗಂಟೆಗೆ ಒಂದು ದಿನ ಅನ್ನುವ ಹಾಗೆ ಊಟ, ನಿದ್ದೆ ಕೊಟ್ಟರು. ದಿನಕ್ಕೆ ನಾಲ್ಕು ಗಂಟೆ ಸರಿಯುತ್ತಾ ಹೋಗಿ ಊಟ, ನಿದ್ದೆ ಎರಡೂ ಒಳಗಿನ ಗಡಿಯಾರಕ್ಕೆ ಪೂರ್ತಿ ಉಲ್ಟಾ ಆದವು. ಆಗ ಹೊಟ್ಟೆ ತುಂಬಿತು ಅಂತ ಹೇಳುವ ಹಾರ್ಮೋನು ಲೆಪ್ಟಿನ್ 17% ಇಳಿಯಿತು. ಸಕ್ಕರೆ ಇಳಿಸುವ ಇನ್ಸುಲಿನ್ 22% ಏರಿದರೂ ರಕ್ತದ ಸಕ್ಕರೆ 6% ಹೆಚ್ಚೇ ಇತ್ತು. ಅಂದ್ರೆ ಮಾವನ ಹಸಿವು ಬರೀ ನಾಲಿಗೆಯ ಚಪಲ ಅಲ್ಲ ಅಲ್ವಾ?

ಇದರ ಮೇಲೆ ಹಗಲಿನ ಅರೆಬರೆ ನಿದ್ದೆ. ಓಣಿಯಲ್ಲಿ ತರಕಾರಿ ಗಾಡಿಯವರ ಕೂಗು, ಮಕ್ಕಳ ಗದ್ದಲ. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚಿಸುವ ಹಾರ್ಮೋನು ಗ್ರೆಲಿನ್ ಏರುತ್ತದೆ.

ಈ ಪಾಠದ ಪರೀಕ್ಷೆಯಲ್ಲಿ ನಾವು ತಪ್ಪುವ ಜಾಗ ಒಂದಿದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸದ ಅಂಕಿಗಳನ್ನು ತೂಕಕ್ಕೆ ಸೇರಿಸಿ ಬರೆಯಬೇಡಿ. ಅವು ಹೃದಯ, ಮಿದುಳಿನವು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕ ಇದು: 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ ಪಾರ್ಶ್ವವಾಯುವಿನ ಅಪಾಯ 35% ಜಾಸ್ತಿ, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಜಾಸ್ತಿ. ದಿನಕ್ಕೆ ಹತ್ತು ಗಂಟೆಯಂತೆ ಆರು ದಿನ ದುಡಿದರೆ 60 ಗಂಟೆ ಆಯಿತು, ನೋಡಿ. ತೂಕದ ವಿಷಯ ಇಷ್ಟು ನೇರ ಇಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರ ದಿನವೂ ಉದ್ದ, ಕೌಂಟರಿನ ಹಿಂದೆ ಕೂತು ಲೆಕ್ಕ ಬರೆಯುವವರ ದಿನವೂ ಉದ್ದ. ಮೈ ಎಷ್ಟು ಆಡುತ್ತದೆ ಅನ್ನುವುದು ಬೇರೆ.

ಪಾಳಿಯವರನ್ನು ತಪಾಸಣೆ ಮಾಡುವಾಗ ತೂಕದ ಯಂತ್ರದ ಜೊತೆ ಟೇಪೂ ಒಯ್ಯಿರಿ. ರಾತ್ರಿ ಪಾಳಿಯ ಕೊಬ್ಬು ಹೆಚ್ಚಾಗಿ ಹೊಟ್ಟೆಯ ಸುತ್ತ ಕೂರುತ್ತದೆ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23 ಆದರೇ ನಮ್ಮಲ್ಲಿ ಅಧಿಕ ತೂಕ, 25ಕ್ಕೆ ಬೊಜ್ಜು.

ಪಾಳಿ ಬಿಡೋಕೆ ಆಗದವರಿಗೆ ದಾರಿ ಇಲ್ಲವೇ? ಇದೆ. 2021ರ ಇನ್ನೊಂದು ಪ್ರಯೋಗದಲ್ಲಿ ರಾತ್ರಿ ಎಚ್ಚರವಿದ್ದರೂ ಊಟ ಹಗಲಲ್ಲೇ ಮಾಡಿದವರ ಸಕ್ಕರೆ ಏರಲಿಲ್ಲ, ರಾತ್ರಿಯೂ ಉಂಡವರದು 6.4% ಏರಿತು. ಇದನ್ನು ಅತ್ತೆಗೆ ಓದಿ ಹೇಳಿದೆ. ಈಗ ಮಾವ ಸಂಜೆ ಏಳಕ್ಕೇ ರೊಟ್ಟಿ ಊಟ ಮುಗಿಸಿ ಹೊರಡುತ್ತಾರೆ. ಡಬ್ಬಿಯಲ್ಲಿ ರೊಟ್ಟಿ ಬದಲು ಎರಡು ಮುಟಗಿ ಉಂಡೆ ಇರುತ್ತವೆ. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕುಟ್ಟಿ ಕಟ್ಟಿದ್ದು. ತೀರಾ ಹಸಿವಾದರೆ ಒಂದು ತಿನ್ನುತ್ತಾರೆ. ಬೆಳಿಗ್ಗೆ ಇನ್ನೊಂದು ಉಂಡೆ ಡಬ್ಬಿಯಲ್ಲೇ ವಾಪಸ್ ಬಂದರೆ ಅತ್ತೆ ಈಗ ಬೈಯುವುದಿಲ್ಲ.