ಟಿಕೆಟ್‌ಗೆ ಮುಂಚೆ ಪಾಸ್‌ಪೋರ್ಟ್ ತೆರೆದು ನೋಡಿ

ಒಬ್ಬ ತಾಯಿ ಮಗಳ ಹೆರಿಗೆಗೆಂದು ವಿದೇಶಕ್ಕೆ ಹೊರಟಿದ್ದರು. ಟಿಕೆಟ್ ಇತ್ತು, ಮಗುವಿಗೆ ಹೊಲಿದ ಅಂಗಿಗಳೂ ಪೆಟ್ಟಿಗೆಯಲ್ಲಿದ್ದವು. ವೀಸಾ ಅಲ್ಲಿ ಇಳಿದ ಮೇಲೆ ಸಿಗುತ್ತಿತ್ತು. ಚೆಕ್-ಇನ್ ಕೌಂಟರಿನಲ್ಲೇ ಅವರನ್ನು ನಿಲ್ಲಿಸಿದರು. ಪಾಸ್‌ಪೋರ್ಟ್ ಅವಧಿ ಇನ್ನು ನಾಲ್ಕು ತಿಂಗಳಿತ್ತು, ಆ ದೇಶ ಆರು ತಿಂಗಳು ಕೇಳುತ್ತಿತ್ತು. ಹೊಸ ಪಾಸ್‌ಪೋರ್ಟ್ ಕೈಸೇರುವಷ್ಟರಲ್ಲಿ ಮಗು ಹುಟ್ಟಿಯಾಗಿತ್ತು. ಅವರು ನನ್ನ ಬಳಿ ಬಂದದ್ದು ಇದೆಲ್ಲ ಆದ ಮೇಲೆ. ಕಾಗದಪತ್ರ ನೋಡುವ ಈ ಕೆಲಸದಲ್ಲಿ ಇಂಥ ಮುಖಗಳನ್ನು ಮರೆಯಲು ಆಗುವುದಿಲ್ಲ.

ತಡೆಯುವುದು ಅಲ್ಲಿಯ ಅಧಿಕಾರಿ ಎಂದು ಜಾಸ್ತಿ ಜನ ಅಂದುಕೊಂಡಿದ್ದಾರೆ. ಎಷ್ಟೋ ಸಲ ತಡೆಯುವುದು ವಿಮಾನ ಕಂಪನಿ. ಸರಿಯಾದ ಕಾಗದ ಇಲ್ಲದವರನ್ನು ಕರೆದೊಯ್ದರೆ ವಾಪಸ್ ತರುವ ಹೊಣೆ ಅವರದು, ಹಲವು ದೇಶಗಳಲ್ಲಿ ದಂಡವೂ ಇದೆ. ಹಾಗಾಗಿ ಕೌಂಟರಿನವರು ಟೈಮ್ಯಾಟಿಕ್ ಎಂಬ ಮಾಹಿತಿಕೋಶದಲ್ಲಿ ನಿಯಮ ನೋಡಿಯೇ ಬೋರ್ಡಿಂಗ್ ಪಾಸ್ ಕೊಡುತ್ತಾರೆ. ಅಲ್ಲಿ ಬೇಡಿಕೊಂಡು ಪ್ರಯೋಜನವಿಲ್ಲ.

ನಿಯಮ ಎಲ್ಲ ಕಡೆ ಒಂದೇ ಅಲ್ಲ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ಶೆಂಗೆನ್ ದೇಶಗಳಿಗೆ ಹೊರಗಿನವರು ಸ್ವಲ್ಪ ದಿನಕ್ಕೆಂದು ಹೋಗುವುದಾದರೆ, ಅಲ್ಲಿಂದ ಹೊರಡುವ ದಿನದ ನಂತರವೂ ಪಾಸ್‌ಪೋರ್ಟ್‌ಗೆ 3 ತಿಂಗಳ ಅವಧಿ ಇರಬೇಕು, ಅದು ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಯಾವುದೇ 180 ದಿನದಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಈ ಎಣಿಕೆಯಲ್ಲಿ ಒಂದು ದಿನ ತಪ್ಪಿದರೂ ಮುಂದಿನ ವೀಸಾಕ್ಕೆ ಕುತ್ತು ಬರಬಹುದು.

ಕಡಿಮೆ ದರದ ಟಿಕೆಟ್ ಸಿಕ್ಕಿತೆಂದು ಖುಷಿಪಡುವ ಮುಂಚೆ ವಿಮಾನ ಎಲ್ಲಿ ಬದಲಿಸಬೇಕು ಎಂದು ನೋಡಿ. ಅಮೆರಿಕದಲ್ಲಿ ಎರಡು ಗಂಟೆ ನಿಂತು ಮುಂದೆ ಹೋಗುವವರಿಗೂ, ವೀಸಾ ವಿನಾಯಿತಿ ಇರುವ ದೇಶದವರಲ್ಲದಿದ್ದರೆ, ವೀಸಾ ಬೇಕು. ಅಲ್ಲಿ ದಾಟಿಹೋಗುವವರೂ ಇಮಿಗ್ರೇಷನ್ ಮುಗಿಸಲೇಬೇಕು.

ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಲಿ. ಮದುವೆಯಾದ ಮೇಲೆ ಹೆಸರು ಬದಲಿಸಿದವರು ಇಲ್ಲಿ ಎಡವುವುದನ್ನು ತುಂಬಾ ನೋಡಿದ್ದೇನೆ. ಮಗು ತಂದೆ ಅಥವಾ ತಾಯಿ ಒಬ್ಬರ ಜೊತೆ ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳಿ.

ಔಷಧಿ ವಿಷಯ ಸ್ವಲ್ಪ ನಿಂತು ಹೇಳಬೇಕು. ಮನೆಯಲ್ಲಿ ಸುಮ್ನೆ ನುಂಗುವ ಮಾತ್ರೆ ಇನ್ನೊಂದು ದೇಶದಲ್ಲಿ ಅಪರಾಧವಾಗಬಹುದು. ಶೇ 10ಕ್ಕಿಂತ ಜಾಸ್ತಿ ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆಯನ್ನು ಮುಂಚೆಯೇ ಅನುಮತಿ ಪಡೆಯದೆ ಜಪಾನ್‌ಗೆ ಒಯ್ಯುವಂತಿಲ್ಲ. ಗಮನದ ತೊಂದರೆಗೆ ಕೊಡುವ ಆಂಫೆಟಮಿನ್ ಮಾತ್ರೆಗಳಿಗೆ ಅಲ್ಲಿ ವೈದ್ಯರ ಚೀಟಿ ಇದ್ದರೂ ಪ್ರವೇಶವಿಲ್ಲ. ಆದ್ದರಿಂದ ಮಾತ್ರೆಯ ಬ್ರ್ಯಾಂಡ್ ಹೆಸರಲ್ಲ, ಒಳಗಿರುವ ಔಷಧದ ಹೆಸರು ಹಿಡಿದು ಆ ದೇಶದ ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ಮಾತ್ರೆ ಮೂಲ ಪೊಟ್ಟಣದಲ್ಲೇ ಇರಲಿ, ಚೀಟಿಯ ಜೊತೆ ಕೈಚೀಲದಲ್ಲೇ ಇರಲಿ. ಹಳದಿ ಜ್ವರದ ಲಸಿಕೆ ಕೇಳುವ ದೇಶವಾದರೆ ಕೊನೇ ವಾರಕ್ಕೆ ಬಿಡಬೇಡಿ. ಆ ಪ್ರಮಾಣಪತ್ರಕ್ಕೆ ಬೆಲೆ ಬರುವುದು ಚುಚ್ಚಿಸಿಕೊಂಡ 10 ದಿನದ ನಂತರ. ಆಮೇಲೆ ಜೀವನಪೂರ್ತಿ ನಡೆಯುತ್ತದೆ.

ವಿಮೆ ತಗೊಳ್ಳುವಾಗ ಎಷ್ಟು ಮೊತ್ತ ಎಂದಷ್ಟೇ ನೋಡುತ್ತಾರೆ. ಮೊದಲೇ ಇದ್ದ ಕಾಯಿಲೆಗೆ ಸಿಗುತ್ತದೆಯೇ ಎಂದು ಓದಿ. ಬಿಪಿ, ಸಕ್ಕರೆ ಇರುವ ಹಿರಿಯರಿಗೆ ಮುಖ್ಯವಾದ ಸಾಲು ಅದೇ.

ಇನ್ನು ಪಾಸ್‌ಪೋರ್ಟ್ ಕಳೆದರೆ? ಮೊದಲು ಹೋಟೆಲ್ ಕೋಣೆ, ಚೀಲಗಳನ್ನೆಲ್ಲ ಸರಿಯಾಗಿ ಹುಡುಕಿ. ಕಳೆದಿದೆ ಎಂದು ಒಮ್ಮೆ ದೂರು ಕೊಟ್ಟರೆ ಅದು ರದ್ದಾಗುತ್ತದೆ, ಅದರ ನಂಬರ್ ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆ ಇಂಟರ್‌ಪೋಲ್‌ನ ಕಳೆದ ಪಾಸ್‌ಪೋರ್ಟ್‌ಗಳ ಪಟ್ಟಿಗೂ ಸೇರಬಹುದು. ಮರುದಿನ ಸೂಟ್‌ಕೇಸ್ ಮಡಿಕೆಯಲ್ಲಿ ಸಿಕ್ಕಿತೆಂದು ಅದನ್ನೇ ಹಿಡಿದು ಗಡಿ ದಾಟಲು ಹೋದವರೊಬ್ಬರನ್ನು ಗಂಟೆಗಟ್ಟಲೆ ಕೂರಿಸಿದ್ದರು. ನಿಜವಾಗಿ ಕಳೆದಿದ್ದರೆ ಪೊಲೀಸ್ ದೂರಿನ ಪ್ರತಿ ಹಿಡಿದು ನಿಮ್ಮ ರಾಯಭಾರ ಕಚೇರಿಗೆ ಹೋಗಿ. ಊರಿಗೆ ಮರಳಲು ತುರ್ತು ಪ್ರಯಾಣ ಪತ್ರ ಕೊಡುವವರು ಅವರು. ಪಾಸ್‌ಪೋರ್ಟ್ ಪ್ರತಿ, ಎರಡು ಫೋಟೋ ಬೇರೆ ಚೀಲದಲ್ಲಿದ್ದರೆ ಅಲ್ಲಿ ಕೆಲಸ ಬೇಗ ಆಗುತ್ತದೆ. ಆ ಕಚೇರಿಯ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಕೈಯಾರೆ ಬರೆದು ಇಟ್ಟುಕೊಳ್ಳಿ. ಕಳ್ಳ ಚೀಲ ಒಯ್ದರೆ ಫೋನೂ ಅದರ ಜೊತೆಗೇ ಹೋಗಿರುತ್ತದೆ, ಅಲ್ವಾ?